ಮಸೂರದ ಗಾತ್ರವೂ ಗುಣವೂ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕ್ಯಾಮೆರಾದ ಮಸೂರಕ್ಕೂ ಈ ಮಾತು ಸಲ್ಲುವುದೇ ಎಂಬುದನ್ನು ಈಗ ವಿಚಾರಮಾಡೋಣ.

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳಿಗೆ ಹೆಸರಾದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲನಿದ್ದನು. ಆತನಿಗೆ ಉಬ್ಬಸದ ಬಾಧೆ. ಗಾಜಿನ ಫಲಕಗಳ ಭಾರವಾದ ಕ್ಯಾಮೆರಾವನ್ನು ಹೊತ್ತು ತಿರುಗುವುದು ಆತನಿಗೆ ಕಷ್ಟವಾಗಿದ್ದಿತು. 1914ರ ವೇಳೆಗೆ ಆತನು ಚಲಚ್ಚಿತ್ರದ ಫಿಲ್ಮನ್ನೇ ಬಳಸಿ, 24 ಮಿಲಿಮೀಟರು ಎತ್ತರ, 36 ಮಿಲಿಮೀಟರು ಅಗಲದ ಚಿತ್ರ ತೆಗೆಯುವ ಪುಟ್ಟ ಯಂತ್ರವನ್ನು ರಚಿಸಿದನು.

ಹೊತ್ತವನ ಹೆಗಲಿನ ಭಾರ ಇಳಿಯಿತು. ಆದರೆ ಮಸೂರದ ಹೊಣೆ ಏರಿತು. ಅಷ್ಟು ಕಿರಿದಾದ ಚಿತ್ರವನ್ನು ಉದ್ದಗಲಗಳಲ್ಲಿ ಹತ್ತು ಮಡಿ ಹಿಗ್ಗಿಸಿದರೆ ಮಸೂರದ ದೋಷವೂ ಹತ್ತು ಮಡಿ ಹಿಗ್ಗುವುದಷ್ಟೆ. ಈ ಹೊಣೆಯನ್ನು ಮಾಕ್ಸ್ ಬೆರೆಕ್ ಎಂಬ ವಿದ್ವಾಂಸನು ವಹಿಸಿಕೊಂಡನು. 1925ರಲ್ಲಿ ಲೈಪ್‌ಸಿಗ್ ಮೇಳದಲ್ಲಿ ಲೈಕಾ ಪ್ರಕಟವಾದಾಗ ಅದಕ್ಕೆ ಆತನ ಐದು ಗಾಜುಗಳ ಮಸೂರವಿದ್ದಿತು. ಸ್ವಲ್ಪ ಕಾಲದಲ್ಲಿಯೇ ನಾಲ್ಕು ಗಾಜುಗಳ ಎಲ್ಮಾರ್ ಆ ಸ್ಥಾನಕ್ಕೆ ಬಂದಿತು. ಅದರ ಕೊಳವೆಯನ್ನು ಒಳಕ್ಕೆ ತಳ್ಳಿದರೆ ಕ್ಯಾಮೆರಾ ಅಂಗಿಯ ಮೇಲಣ ಕೋಟಿನ ಜೇಬಿಗೆ ಸೇರುವುದು. ನಾಭಿದೂರ 50 ಮಿಲಿಮೀಟರು. ಬೆಳಕಿನ ದ್ವಾರ ಅದರ ಮೂರೂವರೆಯಲ್ಲೊಂದು ಪಾಲು, ಎಂದರೆ ಸುಮಾರು 14 ಮಿಲಿಮೀಟರು. ಬಿಸಿಲಿನಲ್ಲಿ ಅಷ್ಟು ಸಾಕು. ದೀಪದ ಬೆಳಕಿನಲ್ಲಿ ಸಾಲದು.

ಈ ಕೊರತೆಯನ್ನು ನೀಗಲು ಹೊರಟವನು ಲುಡ್ವಿಗ್ ಬೆರ್ಟೆಲೆ. 1932ರಲ್ಲಿ ಹೊರಬಂದ ಕಾಂಟಾಕ್ಸ್ ಕ್ಯಾಮೆರಾಕ್ಕೆ ಆತನು ರಚಿಸಿದ ಸೋನಾರ್ ಮಸೂರಗಳಲ್ಲಿ ದೊಡ್ಡದರ ದ್ವಾರ ಸುಮಾರು 33 ಮಿಲಿಮೀಟರು. ಎಲ್ಮಾರಿಗಿಂತ ಐದು ಮಡಿಗೂ ಹೆಚ್ಚು ಬೆಳಕು! ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಗಾಜು ದಪ್ಪ, ತೂಕ ಹೆಚ್ಚು. ದ್ವಾರವನ್ನು ಪೂರ್ಣ ತೆರೆದಾಗ ಚಿತ್ರದ ಅಂಚುಗಳು ಮೃದುವಾಗುವುವು. ಸ್ಪಷ್ಟತೆಯ ಆಳವೂ ಕುಗ್ಗುವುದರಿಂದ ದೂರಮಾಪಕ ಕರಾರುವಾಕ್ಕಾಗಿರಲೇಬೇಕು. ನೋಟದ ಕಿಟಕಿ ಬೇರೆಯಾಗಿರುವ ಇಂತಹ ಕ್ಯಾಮೆರಾಗಳಲ್ಲಿ ಮಸೂರ ತೀರ ದೊಡ್ಡದಾದರೆ ನೋಟಕ್ಕೇ ಅಡ್ಡಬರುವುದು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಐದು ಪಾಲನ್ನು ಹಿಂದಕ್ಕೆ ಎರಚುವುದು. 1933ರ ಲೈಟ್ಸ್ ಸುಮ್ಮಾರಿನಲ್ಲಿ ಗಾಳಿಗೆ ತಾಗುವ ಮೈಗಳು ಎಂಟು. ಬೆರ್ಟೆಲೆ ಗಾಜುಗಳನ್ನು ಅಂಟಿಸಿ ಆರೇ ಮೈಗಳನ್ನು ಉಳಿಸಿದನು. ಲೆಕ್ಕ ಹಾಕಿದರೆ, ಮೊದಲನೆಯದರಲ್ಲಿ ನೂರಕ್ಕೆ 66 ಪಾಲು, ಎರಡನೆಯದರಲ್ಲಿ 73 ಪಾಲು ಬೆಳಕು ದಾಟುವುದು. ನಷ್ಟವಾದ ಬೆಳಕು ಸುಮ್ಮನಿರದೆ ಒಳಗೇ ಅಲೆದು ಚಿತ್ರದ ಕಪ್ಪನ್ನು ಮಸುಕುಗೊಳಿಸುವುದು. 1935ರಲ್ಲಿ ಸ್ಮಕುಲಾ ಎಂಬ ವಿಜ್ಞಾನಿಯು ಝೈಸ್ ಸಂಸ್ಥೆಯಲ್ಲಿ ಕಂಡುಹಿಡಿದ ತೆಳುಲೇಪವು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿ, ಹೆಚ್ಚು ಗಾಜುಗಳ ಮಸೂರಗಳಿಗೆ ದಾರಿಮಾಡಿತು.

ಹಾಗಾದರೆ ಯಾವುದು ಮೇಲು? ರಂಗಸ್ಥಳದ ಮಂದಬೆಳಕಿನಲ್ಲಿ ನಟನ ಮುಖವನ್ನು ಹಿಡಿಯಬೇಕಾದವನು ದೊಡ್ಡ ಮಸೂರವನ್ನು ಹೊರಲೇಬೇಕು. ಹಗಲಿನಲ್ಲಿ ಬೀದಿ ಬೆಟ್ಟಗಳನ್ನು ಸುತ್ತುವವನಿಗೆ ಎಲ್ಮಾರಿನಂತಹುದೇ ಲೇಸು. ಭಾರವೆಂದು ಮನೆಯಲ್ಲಿಯೇ ಬಿಟ್ಟುಬಂದ ಮಸೂರ ಎಷ್ಟೇ ಉತ್ತಮವಾದರೂ ಒಂದು ಚಿತ್ರವನ್ನೂ ಕೊಡಲಾರದು. ಉಬ್ಬಸದ ಬಾರ್ನಾಕನು ಇದನ್ನು ತನ್ನ ದೇಹದಿಂದಲೇ ಅರಿತಿದ್ದನು.