ಸೋಲಿನ ತಾಲೀಮು

ವಿಜಯಪುರದವರಿಗೆ ಇತಿಹಾಸವೆಂದೊಡನೆ ಗೋಳಗುಮ್ಮಟ ನೆನಪಾಗುತ್ತದೆ. ಆದರೆ ಮಕ್ಕಳ ಆಟಕ್ಕೂ ಒಂದು ಇತಿಹಾಸವುಂಟು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಎಂಟು ಬಿಟ್ಟಿನ ಯಂತ್ರವನ್ನು ಹೊರತಂದಿತು. 1990ರ ದಶಕದಲ್ಲಿ ಅದರ ಅಗ್ಗದ ನಕಲುಗಳು ನಮ್ಮ ದೇಶದ ಪೇಟೆಗಳನ್ನು ತುಂಬಿದವು. ಅಂದಿನ ಬಿಜಾಪುರದ ನಮ್ಮ ಓಣಿಯ ಹುಡುಗರು ಅದರಲ್ಲಿ ಮುಗಿಬಿದ್ದು ಆಡಿದ್ದು 'ಕಾಂಟ್ರಾ' ಎಂಬ ಆಟವನ್ನು.

ಕೊನಾಮಿ ಸಂಸ್ಥೆಯ ಈ ಆಟ 1987ರಲ್ಲಿ ಮೊದಲು ನಾಣ್ಯ ಹಾಕಿ ಆಡುವ ಯಂತ್ರದಲ್ಲಿ ಬಂದಿತು. ಮರುವರ್ಷ ಮನೆಯ ಯಂತ್ರಕ್ಕಿಳಿಯಿತು. 8 ಘಟ್ಟ, 3 ಜೀವ. ಗುಂಡು ತಾಗಿದರೆ ಒಂದು ಜೀವ ಹೋದಂತೆಯೇ. ಆಟಗಾರ ಬೇಗ ಸೋತಷ್ಟೂ ನಾಣ್ಯದ ಯಂತ್ರಕ್ಕೆ ಲಾಭ. ಮನೆಗೆ ಬಂದಾಗ ನಾಣ್ಯ ತಪ್ಪಿತು, ಕಾಠಿಣ್ಯ ಉಳಿಯಿತು. ಅರ್ಧ ಗಂಟೆಯ ಆಟವನ್ನು ತಿಂಗಳುಗಟ್ಟಲೆ ಬಾಳಿಸಿದ್ದು ಅದೇ. ಗೆದ್ದಷ್ಟನ್ನು ಕಾದಿಡುವ ಸೌಕರ್ಯ ಅದರಲ್ಲಿರಲಿಲ್ಲ; ಶತ್ರು ಎಲ್ಲಿಂದ ಬರುವನೆಂಬುದನ್ನು ಹುಡುಗನೇ ನೆನಪಿಡಬೇಕು. ತಿಕೋಟಾ, ಬಬಲೇಶ್ವರದ ಕಡೆಯ ಪೈಲ್ವಾನರು ತಾಲೀಮಿನಲ್ಲಿ ಬಿದ್ದು ಬಿದ್ದು ಪಟ್ಟು ಕಲಿತಂತೆ, ಇವರು ಸೋತು ಸೋತು ಕಲಿತರು.

ಕಾಠಿಣ್ಯ ರಚನಕಾರರನ್ನೂ ಬಿಡಲಿಲ್ಲ. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸುವಾಗ ತಾವೇ ಗೆಲ್ಲಲಾರದೆ ಗುಂಡಿಗಳ ಒಂದು ಗುಪ್ತ ಸಂಕೇತವನ್ನು ಸೇರಿಸಿದರು. ಅದೇ ಸಂಕೇತ ಕಾಂಟ್ರಾದಲ್ಲಿ 30 ಜೀವಗಳನ್ನು ಕರುಣಿಸಿತು.

2019ರಲ್ಲಿ ಮರುಪ್ರಕಟವಾದ ಸಂಕಲನದಲ್ಲಿ ಆಟವನ್ನು ಬೇಕಾದಲ್ಲಿ ನಿಲ್ಲಿಸಿ ಕಾದಿಡಬಹುದು. ಈಚೆಗೆ ನನ್ನ ಮೊಮ್ಮಗ ಹಾಗೆಯೇ ಒಂದೇ ಸಂಜೆಯಲ್ಲಿ ಗೆದ್ದ. ಆದರೆ ಯಾವ ಘಟ್ಟವೂ ಅವನಿಗೆ ಬಾಯಿಪಾಠವಾಗಲಿಲ್ಲ. ಯಂತ್ರಗಳನ್ನು ವಸ್ತುಸಂಗ್ರಹಾಲಯಗಳು ಉಳಿಸಿಯಾವು. ಓಣಿಯ ಆ ಹುಡುಗರಿಗೆ ಈಗ ನಲವತ್ತರ ಹರೆಯ. ಅವರ ಕೈಬೆರಳಿನ ನೆನಪನ್ನು ಬರೆದಿಡುವವರು ಬೇಕಾಗಿದ್ದಾರೆ.