ಸುಳಿಯಿಂದ ಗೊರಸಿಗೆ

ಹುಬ್ಬಳ್ಳಿ-ಧಾರವಾಡದ ಕಡೆ ‘ನಾಲಬಂದ’ ಎಂಬ ಅಡ್ಡಹೆಸರು ಇಂದಿಗೂ ಕೇಳಿಬರುತ್ತದೆ. ನಾಲು ಎಂದರೆ ಲಾಳ. ಕುದುರೆಗೆ ಲಾಳ ಕಟ್ಟುವವರ ಮನೆತನ. ಟಾಂಗಾ ಹೋಯಿತು, ಹೆಸರು ಉಳಿಯಿತು. ಕೊಳ್ಳಲು ಬಂದವನು ಶಕುನಕ್ಕೆಂದು ಮೈಮೇಲಿನ ಕೂದಲ ಸುಳಿ ಹುಡುಕಿದರೆ ನಾಲಬಂದನ ಕಣ್ಣು ನೆಡುವುದು ಗೊರಸಿನ ಮೇಲೆ. ಕುದುರೆ ಪರೀಕ್ಷೆಯ ವಿದ್ಯೆ ಬೆಳೆದದ್ದು ಈ ಎರಡು ನೋಟಗಳ ಜಗ್ಗಾಟದಲ್ಲೇ.

ನಮ್ಮ ಅಶ್ವಶಾಸ್ತ್ರಕ್ಕೆ ಶಾಲಿಹೋತ್ರ ಮೂಲಪುರುಷ. ಈ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (ಸು. 1129) ಕುದುರೆಗೂ ಜಾಗ ಕೊಟ್ಟಿದೆ. ಕನ್ನಡದಲ್ಲಿ 1400ರ ಸುಮಾರಿಗೆ ಅಭಿನವಚಂದ್ರ ‘ಅಶ್ವವೈದ್ಯ’ ರಚಿಸಿದ. ಈ ಪರಂಪರೆಯಲ್ಲಿ ಶಕುನವೂ ಅನುಭವವೂ ಒಂದೇ ಚೀಲದಲ್ಲಿವೆ. ವಿಜಯನಗರಕ್ಕೆ ಕಡಲು ದಾಟಿ ಬಂದ ಅರಬ್ಬಿ ಕುದುರೆಗಳು ಸೊರಗಿಯೇ ಇಳಿದಿರಬೇಕು. ಬಡಕಲು ಮೈಯೊಳಗಿನ ಗಟ್ಟಿ ಕಾಲನ್ನು ಗುರುತಿಸುವವನಿಗೆ ಅಲ್ಲಿ ಬೆಲೆಯಿತ್ತೆಂದು ನನ್ನ ಊಹೆ.

ಅತ್ತ ಯುರೋಪಿನಲ್ಲಿ, ಫ್ರಾನ್ಸಿನ ಲಿಯಾನ್‌ನಲ್ಲಿ 1762ರಲ್ಲಿ ಪಶುವೈದ್ಯ ಶಾಲೆ ತೆರೆದ ಬೂರ್ಜೆಲಾ, ಕುದುರೆಯ ತಲೆಯನ್ನೇ ಅಳತೆಗೋಲಾಗಿಸಿ ಅಂಗಾಂಗ ಅಳೆದ. ಮುಂಬಯಿಯ ಪಶುವೈದ್ಯ ಕಾಲೇಜು 1886ರದು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೇ ಸೇರಿದ್ದರಿಂದ ಹೊಸ ವಿದ್ಯೆ ಇಲ್ಲಿಗೆ ಬಂದ ದಾರಿಯೂ ಅದೇ ಇರಬೇಕು. ಕುದುರೆಯ ಕುಂಟುವಿಕೆಯನ್ನು ಕುರಿತೇ ಪಶುವೈದ್ಯ ಆಡಮ್ಸ್ ಬರೆದ ಪಠ್ಯ ಬಂದದ್ದು 1962ರಲ್ಲಿ. ಕುದುರೆಯನ್ನು ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಓಡಿಸಿ ತಲೆ ನೋಡಬೇಕು: ನೋವಿನ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ, ಸರಿಯಿದ್ದ ಕಾಲು ಊರಿದಾಗ ತಗ್ಗುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ.

ಮೈಯ ಕೊಬ್ಬಿಗೆ ಲೆಕ್ಕ ಸಿಕ್ಕಿದ್ದು ಮಾತ್ರ ತೀರ ತಡವಾಗಿ. ಅಮೆರಿಕದ ಹೆನೆಕೆ 1983ರಲ್ಲಿ 1ರಿಂದ 9ರವರೆಗೆ ಅಂಕ ಕೊಡುವ ಕ್ರಮ ತಂದ: ಕತ್ತು, ಹೆಗಲ ದಿಬ್ಬ, ಭುಜದ ಹಿಂಬದಿ, ಪಕ್ಕೆಲುಬು, ಸೊಂಟ, ಬಾಲದ ಬುಡ ಇವನ್ನು ಮುಟ್ಟಿ ನೋಡಿ ಹೇಳುವುದು. ಕಾಲು ನೋಡುವಾಗಲೂ ಈ ಅಂಕ ನೆನಪಿರಬೇಕು. ಮಾಂಸ ಕರಗಿದ ಕುದುರೆಯ ಎದೆ ಕಿರಿದಾಗಿ ಮುಂಗಾಲೆರಡೂ ಒಂದೇ ತೂತಿನಿಂದ ಹೊರಟಂತೆ ಕಾಣುತ್ತವೆ, ಗೊರಸಿನ ತುದಿ ಹೊರಕ್ಕೆ ತಿರುಗುತ್ತದೆ. ತೊಡೆ ಬತ್ತಿದ್ದರಿಂದ ಹಿಂಗಾಲು ಹಸುವಿನದರಂತೆ ಒಳಬಾಗಿದ ಹಾಗೆ ತೋರುತ್ತದೆ. ಸ್ನಾಯು ಸೋತಾಗ ಹಿಂಗಾಲಿನ ಮಂಡಿಚಿಪ್ಪು ಸಿಕ್ಕಿಕೊಳ್ಳುವುದೂ ಉಂಟು. ಮೇವು, ನಡಿಗೆ ಸಿಕ್ಕರೆ ಇವುಗಳಲ್ಲಿ ಕೆಲವು ಸುಧಾರಿಸುತ್ತವೆ. ಹಿಂದಕ್ಕೆ ಬಾಗಿದ ಮುಂಗಾಲ ಮಂಡಿ, ವಕ್ರ ಮೂಳೆ ಸುಧಾರಿಸುವುದಿಲ್ಲ. ಬಡಕಲು ಕುದುರೆಯನ್ನು ಒಂದೇ ನೋಟಕ್ಕೆ ತಿರಸ್ಕರಿಸುವವನೂ ಮೆಚ್ಚುವವನೂ ನನ್ನ ಮಟ್ಟಿಗೆ ಅವಸರದವರೇ.

ಕನಿಕರದಿಂದ ಒಮ್ಮೆಗೇ ಸೇರುಗಟ್ಟಲೆ ಕಾಳು ಸುರಿಯುವುದೂ ಅವಸರವೇ. ಹಸಿದೊಣಗಿದ ಮೈಗೆ ಪಿಷ್ಟ ಏಕಾಏಕಿ ಬಿದ್ದರೆ ರಕ್ತದಲ್ಲಿ ರಂಜಕ ಕುಸಿದು ಕುದುರೆ ಸಾಯಬಹುದು. ಕ್ಯಾಲಿಫೋರ್ನಿಯಾದ ಸಂಶೋಧಕರು ಸೂಚಿಸಿದ್ದು ಒಣಗಿಸಿದ ಲ್ಯೂಸರ್ನ್ ಸೊಪ್ಪನ್ನು, ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಹಲವು ಸಲ. ನಮ್ಮ ರೈತರು ಆ ಸೊಪ್ಪನ್ನು ಕರೆಯುವುದು ಕುದುರೆ ಮಸಾಲೆ ಎಂದೇ.

ಇನ್ನು ಗೊರಸು. ಅದು ಮೇಲಿನ ಅಂಚಿನಿಂದ ಬೆಳೆದು ಮುಂತುದಿ ತಲುಪಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಜ್ವರ ಬಂದ, ಮೇವು ತಪ್ಪಿದ ದಿನಗಳು ಅದರ ಮೇಲೆ ಉಂಗುರವಾಗಿ ಉಳಿಯುತ್ತವೆ. ಮಾರುವವನು ಏನೇ ಹೇಳಲಿ, ಲಾಳ ಕಟ್ಟಲು ಕಾಲೆತ್ತಿದವನ ಕಣ್ಣಿಗೆ ಆ ಉಂಗುರ ಬಿದ್ದೇ ಬೀಳುತ್ತಿತ್ತು.