ಕಟಕಟೆಯಲ್ಲಿ ನಿಂತವನ ಮಾತು
ಅಮೆರಿಕನ್ ಕಾದಂಬರಿಯಲ್ಲಿ ವರ್ಣಭೇದದ ವಿಚಾರಣೆ: ಒಂದು ಸಮೀಕ್ಷೆ

ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಗ್ಗೆ ಈಚೆಗೆ ನಮ್ಮ ವಿಚಾರ ಸಂಕಿರಣಗಳಲ್ಲಿ ಓದುವ ಪ್ರಬಂಧಗಳು ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತವೆ: ವಕೀಲ ಅಟಿಕಸ್ ಫಿಂಚ್ ಒಳ್ಳೆಯವನೋ, ಒಳ್ಳೆಯವನಂತೆ ಕಾಣುವವನೋ? 2015ರವರೆಗೆ ಅವನನ್ನು ಸಂಶಯದಿಂದ ನೋಡಿದವರು ಕಡಿಮೆ. ಆ ವರ್ಷ ಜುಲೈಯಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಹೊರಬಂತು. ವರ್ಣಭೇದವನ್ನು ಉಳಿಸಿಕೊಳ್ಳಲು ಬಿಳಿಯರು ಕಟ್ಟಿದ ‘ಸಿಟಿಜನ್ಸ್ ಕೌನ್ಸಿಲ್’ನ ಸಭೆಯಲ್ಲಿ ಮುದಿ ಅಟಿಕಸ್ ಕೂತದ್ದನ್ನು ಓದುಗರು ಕಂಡದ್ದೇ ತಡ, ಆರತಿ ಎತ್ತಿದವರೇ ಕಲ್ಲು ಎತ್ತಿಕೊಂಡರು. ಈ ಎರಡು ಪಕ್ಷಗಳಿಗೂ ಟಾಮ್ ರಾಬಿನ್‌ಸನ್ ಬೇಕಾಗಿರುವುದು ವಕೀಲನ ಗುಣವನ್ನು ಒರೆಗೆ ಹಚ್ಚುವುದಕ್ಕೆ ಮಾತ್ರ. ಅತ್ಯಾಚಾರದ ಸುಳ್ಳು ಆರೋಪ ಹೊತ್ತು, ಕೊನೆಗೆ ಜೈಲಿನ ಬೇಲಿ ಹತ್ತುವಾಗ 17 ಗುಂಡು ತಿಂದು ಸತ್ತವನು ಅವನು. ಅವನು ಕೋರ್ಟಿನಲ್ಲಿ ಏನು ಹೇಳಿದ, ಏನು ಹೇಳಲು ಬಿಡಲಿಲ್ಲ ಎಂಬುದರ ಮೇಲೆ ಈ ಪ್ರಬಂಧಗಳಲ್ಲಿ ಒಂದು ಪುಟವೂ ಸಿಗುವುದಿಲ್ಲ.

ಇದು ಹೊಸಬರ ತಪ್ಪು ಮಾತ್ರವಲ್ಲ. ಈ ಬಗೆಯ ಕಾದಂಬರಿಗಳಿಗೂ ಅವುಗಳ ವಿಮರ್ಶೆಗೂ ಉದ್ದದ ಚರಿತ್ರೆಯಿದೆ. ಅದರ ಒಂದು ತುಂಡನ್ನೇ ಇಡೀ ಚರಿತ್ರೆಯೆಂದು ಕಲಿಸಿಕೊಂಡು ಬಂದಿದ್ದೇವೆ.

ಮೊದಲ ಹಂತವನ್ನು ಬೇಗ ದಾಟಬಹುದು. ಹರ್ಮನ್ ಮೆಲ್ವಿಲ್‌ನ ‘ಬೆನಿಟೊ ಸೆರೆನೊ’ (1855) ಹಡಗಿನಲ್ಲಿ ದಂಗೆಯೆದ್ದ ಗುಲಾಮರ ಕಥೆ. ಅದರ ಕೊನೆಯಲ್ಲಿ ಲಿಮಾದ ಕೋರ್ಟಿನ ಹೇಳಿಕೆಯೊಂದು ಪುಟಗಟ್ಟಲೆ ಬರುತ್ತದೆ. ಹೇಳಿಕೆ ಬಿಳಿಯ ಕಪ್ತಾನನದು. ದಂಗೆಯ ನಾಯಕ ಬಾಬೊ ಸೆರೆ ಸಿಕ್ಕ ಮೇಲೆ ತುಟಿ ಬಿಚ್ಚುವುದೇ ಇಲ್ಲ. ಯಾರ ಮಾತು ದಾಖಲೆಯಾಗುತ್ತದೆ, ಯಾರದು ಆಗುವುದಿಲ್ಲ ಎಂಬ ಪ್ರಶ್ನೆಯನ್ನು ಮೆಲ್ವಿಲ್ ಕಥೆಯ ಕಟ್ಟಡದಲ್ಲೇ ಇಟ್ಟಿದ್ದ. ಮಾರ್ಕ್ ಟ್ವೇನ್‌ನ ‘ಪಡ್ಡನ್‌ಹೆಡ್ ವಿಲ್ಸನ್’ (1894) ಬೆರಳಚ್ಚಿನ ಪುರಾವೆಯಿಂದ ಗೆಲ್ಲುವ ವಕೀಲನ ಕಥೆಯೆಂದೇ ಹೆಸರಾಗಿದೆ. ಆ ಬೆರಳಚ್ಚು ಕೊಲೆಗಾರನನ್ನು ಹಿಡಿಯುವುದರ ಜೊತೆಗೆ ಅವನು ಹುಟ್ಟಿನಿಂದ ಗುಲಾಮ ಎಂದೂ ಸಾಬೀತು ಮಾಡುತ್ತದೆ. ಆಸ್ತಿಯನ್ನು ಜೈಲಿಗೆ ಹಾಕಿದರೆ ಸಾಲಗಾರರಿಗೆ ನಷ್ಟವಲ್ಲವೇ? ಅದಕ್ಕೇ ಅವನಿಗೆ ಕ್ಷಮಾದಾನ ಕೊಟ್ಟು ನದಿಯ ಕೆಳಗಿನ ಸೀಮೆಗೆ ಮಾರುತ್ತಾರೆ. ಇನ್ನೆರಡು ವರ್ಷಕ್ಕೆ, 1896ರಲ್ಲಿ, ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯಲ್ಲಿ ಬಣ್ಣದ ಮೇಲಿನ ವಿಂಗಡಣೆಗೆ ಒಪ್ಪಿಗೆಯ ಮುದ್ರೆ ಒತ್ತಿತು. ಪ್ಲೆಸಿಯ ಪರ ವಾದಿಸಿದ ಆಲ್ಬಿಯನ್ ಟೂರ್ಜೆ ಸ್ವತಃ ಕಾದಂಬರಿಕಾರ ಎಂಬುದು ನಮ್ಮ ಪಠ್ಯಗಳಲ್ಲಿ ಅಡಿಟಿಪ್ಪಣಿಗೂ ಬರುವುದಿಲ್ಲ.

ಈ ಹಂತದಲ್ಲಿ ನಿಂತು ನೋಡಬೇಕಾದವನು ಚಾರ್ಲ್ಸ್ ಚೆಸ್ನಟ್. ಕಪ್ಪು ಸಮುದಾಯದ ಈ ಲೇಖಕ 1887ರಲ್ಲಿ ಒಹಾಯೋದ ವಕೀಲಿ ಪರೀಕ್ಷೆ ಪಾಸು ಮಾಡಿ, ಕ್ಲೀವ್‌ಲ್ಯಾಂಡಿನಲ್ಲಿ ಕೋರ್ಟಿನ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವೃತ್ತಿ ನಡೆಸಿದ. ಅವನ ‘ದ ಮ್ಯಾರೋ ಆಫ್ ಟ್ರೆಡಿಷನ್’ (1901) ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಪಟ್ಟಣದಲ್ಲಿ 1898ರಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದ ಹಿನ್ನೆಲೆಯದು. ಅದರಲ್ಲಿ ಸ್ಯಾಂಡಿ ಎಂಬ ಸೇವಕ ಮಾಡದ ಕೊಲೆಯ ಆರೋಪಕ್ಕೆ ಸಿಕ್ಕಿಬೀಳುತ್ತಾನೆ. ಜನ ಅವನನ್ನು ಸುಡಲು ಕಟ್ಟಿಗೆ ಕೂಡಿಸುತ್ತಿರುವಾಗ ಅವನ ಬಿಳಿಯ ಧಣಿ ಪ್ರಮಾಣ ಮಾಡಿ ಸುಳ್ಳು ಹೇಳಿ ಉಳಿಸುತ್ತಾನೆ. ಸ್ಯಾಂಡಿಯ ನಿಜಕ್ಕೆ ಇಲ್ಲದ ಬೆಲೆ ಬಿಳಿಯನ ಸುಳ್ಳಿಗಿದೆ. ನಿಜವಾದ ಅಪರಾಧಿಯಾದ ಬಿಳಿಯ ಯುವಕನ ಮೇಲೆ ಮೊಕದ್ದಮೆಯೇ ಇಲ್ಲ. ಅಟಿಕಸ್ ಹುಟ್ಟುವ ಆರು ದಶಕ ಮೊದಲೇ ‘ಉದ್ಧಾರಕ ಬಿಳಿಯ’ನ ಮಿತಿ ಏನೆಂದು ಇಲ್ಲಿ ಬರೆದಾಗಿತ್ತು. ಕಂಡುಹಿಡಿದೆವೆಂದು ಈಗ ಬೀಗುವವರು ಇದನ್ನು ಓದಬೇಕು.

ಎರಡನೆಯ ಹಂತ 1940ರಿಂದ 1960. ರಿಚರ್ಡ್ ರೈಟ್‌ನ ‘ನೇಟಿವ್ ಸನ್’ (1940) ಶಿಕಾಗೊದ್ದು. ಬಿಗರ್ ಥಾಮಸ್‌ನ ಪರವಾಗಿ ವಕೀಲ ಬೋರಿಸ್ ಮ್ಯಾಕ್ಸ್ ಮಾಡುವ ಭಾಷಣ ಎಷ್ಟು ಉದ್ದವೆಂದರೆ ಬಿಗರ್ ಅದರಲ್ಲಿ ಕಳೆದುಹೋಗುತ್ತಾನೆ. ಭಾಷಣ ಕಾದಂಬರಿಯನ್ನು ಕೆಡಿಸಿತೋ ಇಲ್ಲವೋ ಎಂಬ ಜಗಳದಲ್ಲಿ ವಿಮರ್ಶಕರು ಹಲವು ದಶಕ ಕಳೆದರು. ಬಿಗರ್ ಕೊಂದ ಕಪ್ಪು ಹುಡುಗಿ ಬೆಸಿಯ ಶವವನ್ನು, ಬಿಳಿಯ ಹುಡುಗಿಯ ಕೊಲೆಯನ್ನು ಸಾಬೀತು ಮಾಡುವ ಬರೀ ಪುರಾವೆಯೆಂದು ತಳ್ಳುಬಂಡಿಯಲ್ಲಿ ತಂದು ತೋರಿಸುವ ದೃಶ್ಯದ ಬಗ್ಗೆ ಮಾತಾಡಲು ಹೆಣ್ಣು ವಿಮರ್ಶಕರು ಬರಬೇಕಾಯಿತು. ವಿಲಿಯಂ ಫಾಕ್ನರ್‌ನ ‘ಇನ್‌ಟ್ರೂಡರ್ ಇನ್ ದ ಡಸ್ಟ್’ (1948)ನಲ್ಲಿ ವಿಚಾರಣೆ ನಡೆಯುವುದೇ ಇಲ್ಲ. ಇಬ್ಬರು ಹುಡುಗರು, ಒಬ್ಬ ಮುದುಕಿ ಗೋರಿ ಅಗೆದು ಲೂಕಸ್ ಬೋಶಾಂಪನನ್ನು ಉಳಿಸುತ್ತಾರೆ. ಅಷ್ಟು ಹೊತ್ತೂ ವಕೀಲ ಗ್ಯಾವಿನ್ ಸ್ಟೀವನ್ಸ್ ಮಾತಾಡುತ್ತಲೇ ಇರುತ್ತಾನೆ.

ಈ ಹಂತದ ಕಥೆಗಳ ಹಿಂದೆ ಸ್ಕಾಟ್ಸ್‌ಬರೊ ಇದೆ. 1931ರ ಮಾರ್ಚ್‌ನಲ್ಲಿ ಅಲಬಾಮಾದ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಆರೋಪ ಹೊರಿಸಿದರು. ಏಪ್ರಿಲ್ ನಡುವೆಯೇ ಎಂಟು ಮಂದಿಗೆ ಮರಣದಂಡನೆ. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 1933ರ ಮರುವಿಚಾರಣೆಯಲ್ಲಿ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಆರೋಪವೇ ಸುಳ್ಳೆಂದು ಸಾಕ್ಷಿ ಹೇಳಿದಳು. ಜ್ಯೂರಿ ಆದರೂ ಆರೋಪಿ ತಪ್ಪಿತಸ್ಥನೆಂದೇ ಹೇಳಿತು. ಆ ತೀರ್ಮಾನವನ್ನು ಬದಿಗಿರಿಸಿದ ನ್ಯಾಯಾಧೀಶ ಹಾರ್ಟನ್ ಮುಂದಿನ ವರ್ಷ ಚುನಾವಣೆಯಲ್ಲಿ ಸೋತ. ನಮ್ಮ ಓದುಗರಿಗೆ ಹತ್ತಿರವಾದ ಇ.ಎಂ. ಫಾರ್ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ (1924)ದಲ್ಲಿ ಆರೋಪಿಸಿದ ಅಡೆಲಾ ಮಾತು ಹಿಂತೆಗೆದುಕೊಂಡ ಕೂಡಲೇ ಡಾ. ಅಜೀಜ್ ಬಿಡುಗಡೆಯಾಗುತ್ತಾನೆ. ಅಲಬಾಮಾದಲ್ಲಿ ಆ ದಾರಿಯೂ ತೆರೆದಿರಲಿಲ್ಲ. ಎರಡೂ ವಿಚಾರಣೆಗಳನ್ನು ಒಂದೇ ಅಚ್ಚಿನವೆಂದು ಬರೆಯುವ ತುಲನಾತ್ಮಕ ಪ್ರಬಂಧಗಳು ಈ ವ್ಯತ್ಯಾಸವನ್ನು ಹಾರಿ ಹೋಗುತ್ತವೆ.

1960ರಲ್ಲಿ ‘ಮಾಕಿಂಗ್‌ಬರ್ಡ್’ ಬಂತು. ಮರುವರ್ಷ ಪುಲಿಟ್ಜರ್, 1962ರ ಕೊನೆಗೆ ಸಿನಿಮಾ. ಗ್ರೆಗರಿ ಪೆಕ್‌ನ ಮುಖವೇ ಅಟಿಕಸ್‌ನ ಮುಖವಾಯಿತು. ಮುಂದಿನ ಮೂರು ದಶಕಗಳ ವಿಮರ್ಶೆ ಕಾದಂಬರಿಗಿಂತ ಹೆಚ್ಚಾಗಿ ಸಿನಿಮಾವನ್ನೇ ವಿಮರ್ಶಿಸಿತು ಎಂದರೆ ಅನ್ಯಾಯದ ಮಾತಲ್ಲ. ವಕೀಲರು ಅವನನ್ನು ವೃತ್ತಿಯ ಆದರ್ಶ ಮಾಡಿಕೊಂಡರು, ಸಾಹಿತ್ಯದ ಮೇಷ್ಟರುಗಳು ಅದನ್ನು ಮಕ್ಕಳ ಪುಸ್ತಕವೆಂದು ಬದಿಗಿಟ್ಟರು.

ಇಲ್ಲಿಂದ ಮುಂದಿನದು ನಮ್ಮ ತಲೆಮಾರಿನ ಕಥೆ. ಜೇಮ್ಸ್ ಬಾಯ್ಡ್ ವೈಟ್‌ನ ‘ದ ಲೀಗಲ್ ಇಮ್ಯಾಜಿನೇಷನ್’ (1973) ಕಾನೂನು ಮತ್ತು ಸಾಹಿತ್ಯವನ್ನು ಒಂದೇ ಮೇಜಿನ ಮೇಲಿಟ್ಟಿತು. ರಿಚರ್ಡ್ ಪೋಸ್ನರ್ 1988ರಲ್ಲಿ ಅದರ ಉತ್ಸಾಹಕ್ಕೆ ತಣ್ಣೀರೆರಚಿದ. ಈ ಇಬ್ಬರ ಪಟ್ಟಿಗಳಲ್ಲೂ ಬಣ್ಣದ ಪ್ರಶ್ನೆ ಅಂಚಿನಲ್ಲಿತ್ತು. ಅದನ್ನು ನಡುವಿಗೆ ತಂದವನು ರಾಬರ್ಟ್ ಕವರ್. ಅವನ ‘ಜಸ್ಟಿಸ್ ಅಕ್ಯೂಸ್ಡ್’ (1975), ಗುಲಾಮಗಿರಿಯನ್ನು ಮನಸಾರೆ ವಿರೋಧಿಸುತ್ತಿದ್ದ ನ್ಯಾಯಾಧೀಶರೇ ಓಡಿಬಂದ ಗುಲಾಮರನ್ನು ಧಣಿಗಳಿಗೆ ಒಪ್ಪಿಸಿದ್ದು ಹೇಗೆ ಎಂದು ಕೇಳಿತು. ಆ ನ್ಯಾಯಾಧೀಶರಲ್ಲಿ ಮೆಲ್ವಿಲ್‌ನ ಮಾವ ಲೆಮ್ಯುಯೆಲ್ ಶಾ ಒಬ್ಬ. ಒಳ್ಳೆಯ ಮನುಷ್ಯ ಕೆಟ್ಟ ಕಾನೂನಿನ ಕೈಯಾಗುವ ಬಗೆಯನ್ನು ಕವರ್ ಬಿಡಿಸಿಟ್ಟ ಮೇಲೆ ‘ಅಟಿಕಸ್ ಒಳ್ಳೆಯವನೇ?’ ಎಂಬ ಪ್ರಶ್ನೆಗೆ ಅರ್ಥವೇ ಉಳಿಯಬಾರದಿತ್ತು. ಸಾಯುವ ವರ್ಷ, 1986ರಲ್ಲಿ, ಅವನು ಬರೆದ ‘ವಯಲೆನ್ಸ್ ಅಂಡ್ ದ ವರ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನ್ಯಾಯಾಧೀಶ ಓದಿ ಅರ್ಥ ಹೇಳಿದ ಕಡೆ ಯಾರದೋ ಮೈಗೆ ನೋವಾಗುತ್ತದೆ, ಕವಿತೆಯ ಓದಿಗೂ ಕಾನೂನಿನ ಓದಿಗೂ ಇರುವ ಅಂತರ ಅದು.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ಬಂದ ಪುಸ್ತಕಗಳ ಬಲವೇ ಬೇರೆ. ಹಾರ್ವರ್ಡ್ ಕಾನೂನು ಶಾಲೆಯ ಮೊದಲ ಕಪ್ಪು ಕಾಯಂ ಪ್ರಾಧ್ಯಾಪಕ ಡೆರಿಕ್ ಬೆಲ್ 1987ರಲ್ಲಿ ಕಟ್ಟುಕಥೆಗಳಲ್ಲೇ ಸಂವಿಧಾನವನ್ನು ವಿಚಾರಿಸಿದ. ಪೆಟ್ರೀಷಿಯಾ ವಿಲಿಯಮ್ಸ್ 1991ರಲ್ಲಿ ತನ್ನ ಮುತ್ತಜ್ಜಿಯ ತಾಯಿಯನ್ನು ಕೊಂಡ ಬಿಳಿಯ ವಕೀಲನ ಕಾಗದಪತ್ರಗಳಲ್ಲಿ ಆ ಹೆಂಗಸನ್ನು ಹುಡುಕಿದಳು. 1992ರಲ್ಲಿ ಟೋನಿ ಮಾರಿಸನ್‌ಳ ‘ಪ್ಲೇಯಿಂಗ್ ಇನ್ ದ ಡಾರ್ಕ್’, 1993ರಲ್ಲಿ ಎರಿಕ್ ಸಂಡ್‌ಕ್ವಿಸ್ಟ್‌ನ ‘ಟು ವೇಕ್ ದ ನೇಷನ್ಸ್’. ಮೆಲ್ವಿಲ್, ಟ್ವೇನ್, ಚೆಸ್ನಟ್ ಮೂವರನ್ನೂ ಒಟ್ಟಿಗೆ, ಕೊನೆಯ ಇಬ್ಬರನ್ನು ಪ್ಲೆಸಿ ತೀರ್ಪಿನ ಬದಿಯಲ್ಲಿಟ್ಟು ಓದಿದ ಸಂಡ್‌ಕ್ವಿಸ್ಟ್‌ನ ಗ್ರಂಥವನ್ನು ಮೀರಿಸಿದ ಕೆಲಸ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ಇವನ್ನೆಲ್ಲ ಓದಲು ಕರ್ನಾಟಕದ ಇಂಗ್ಲಿಷ್ ಮೇಷ್ಟರುಗಳಿಗೆ ಇದ್ದ ದಾರಿ ಹೈದರಾಬಾದಿನ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್. 1964ರಲ್ಲಿ ಶುರುವಾದ ಆ ಗ್ರಂಥಾಲಯಕ್ಕೆ ರಜೆಯಲ್ಲಿ ಹೋಗಿ ಝೆರಾಕ್ಸ್ ಕಟ್ಟು ಹೊತ್ತು ತಂದವರಿಂದಲೇ ನಮ್ಮಲ್ಲಿ ಈ ಓದು ಬೆಳೆಯಿತು.

ಅದೇ ಹೊತ್ತಿಗೆ ಅಟಿಕಸ್ ಮೇಲಿನ ದಾಳಿಯೂ ಶುರುವಾಯಿತು. ಮನ್ರೋ ಫ್ರೀಡ್‌ಮನ್ 1992ರಲ್ಲಿ ‘ಲೀಗಲ್ ಟೈಮ್ಸ್’ ಅಂಕಣದಲ್ಲಿ, ನ್ಯಾಯಾಧೀಶ ಒಪ್ಪಿಸಿದ್ದರಿಂದ ವಕಾಲತ್ತು ವಹಿಸಿದವನು ತಾನಾಗಿ ಏನು ಮಾಡಿದ ಎಂದು ಕೇಳಿ ವಕೀಲರನ್ನು ಕೆರಳಿಸಿದ. ಸ್ಟೀವನ್ ಲ್ಯೂಬೆಟ್ 1999ರಲ್ಲಿ, ಟಾಮ್ ಮೇಲೆ ಅತ್ಯಾಚಾರದ ಆರೋಪ ಹೊರಿಸಿದ ಮಯೆಲಾ ಯುವೆಲ್‌ಳ ಪಾಟೀಸವಾಲನ್ನು ಮತ್ತೆ ತೆರೆದ. ಮಾಲ್ಕಮ್ ಗ್ಲಾಡ್‌ವೆಲ್ 2009ರಲ್ಲಿ ಅಟಿಕಸ್‌ನನ್ನು ಅಲಬಾಮಾದ ಗವರ್ನರ್ ಜಿಮ್ ಫೋಲ್ಸಮ್‌ನ ಸಾಲಿಗೆ ಸೇರಿಸಿದ: ಎದೆಯಲ್ಲಿ ಕರುಣೆ, ವ್ಯವಸ್ಥೆಯ ಮುಂದೆ ಮೌನ. 2015ರ ಗದ್ದಲ ಇದರ ಮುಂದುವರಿಕೆ ಅಷ್ಟೆ. ಈ ಸಾಲಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು 1994ರ ತೆರೆಸಾ ಗಾಡ್ವಿನ್ ಫೆಲ್ಪ್ಸ್‌ಳ ಲೇಖನ. ಕಾದಂಬರಿ ನಡೆಯುವ ಮೇಕೂಂಬ್ ಊರಿನ ಅಂಚಿನಲ್ಲಿ ಯಾರು ಯಾರಿದ್ದಾರೆ ಎಂದು ಅವಳು ಸುಮ್ಮನೆ ಎಣಿಸಿದಳು. ಗದ್ದಲ ಮಾಡದ ಲೇಖನವಾದ್ದರಿಂದ ಅದನ್ನು ಉದ್ಧರಿಸುವವರು ಕಡಿಮೆ.

ಕವರ್‌ನ ದಾರಿಯಲ್ಲಿ, ಎಂದರೆ ಕೋರ್ಟಿನ ಕಡತ ಓದುವಂತೆ, ಮೇಕೂಂಬಿನ ವಿಚಾರಣೆಯನ್ನು ಓದಿದರೆ ಏನು ಕಾಣುತ್ತದೆ? ಡಾಕ್ಟರನ್ನು ಯಾರೂ ಕರೆಯಲಿಲ್ಲ ಎಂಬುದು ಷೆರಿಫ್‌ನ ಬಾಯಿಂದಲೇ ಬರುತ್ತದೆ. ವೈದ್ಯಕೀಯ ಸಾಕ್ಷ್ಯವೇ ಇಲ್ಲದ ಅತ್ಯಾಚಾರದ ಮೊಕದ್ದಮೆ. ಎಷ್ಟು ಸಾಕ್ಷಿಗಳೆಂದು ನ್ಯಾಯಾಧೀಶ ಟೇಲರ್ ಕೇಳಿದಾಗ ಅಟಿಕಸ್ ಒಬ್ಬನೇ ಎನ್ನುತ್ತಾನೆ, ಆ ಒಬ್ಬ ಟಾಮ್. ಅವನಿಗೆ ಕೆಲಸ ಕೊಟ್ಟ ಲಿಂಕ್ ಡೀಸ್ ಸಭಾಂಗಣದಲ್ಲೇ ಕೂತಿದ್ದಾನೆ. ತಡೆಯಲಾರದೆ ಎದ್ದು, ಇಷ್ಟು ವರ್ಷ ಈ ಹುಡುಗನಿಂದ ನನಗೆ ಒಂದು ತೊಂದರೆಯೂ ಇಲ್ಲ ಎಂದು ಕೂಗುತ್ತಾನೆ. ನ್ಯಾಯಾಧೀಶ ಅವನನ್ನು ಹೊರಗೆ ಹಾಕಿಸಿ, ಆ ಮಾತನ್ನು ದಾಖಲೆಯಿಂದ ತೆಗೆಸುತ್ತಾನೆ. ಟಾಮ್‌ನ ನಡತೆಯ ಬಗ್ಗೆ ಆ ಕೋರ್ಟಿನಲ್ಲಿ ಬಿಳಿಯನೊಬ್ಬ ಆಡಿದ ಒಳ್ಳೆಯ ಮಾತು ಹೀಗೆ ಅಳಿಸಿಹೋಗುತ್ತದೆ. ಉಳಿದದ್ದು ಟಾಮ್‌ನ ಸ್ವಂತ ಹೇಳಿಕೆ. ಮಯೆಲಾಳ ಮೇಲೆ ಮರುಕವಾಯಿತು ಎಂದ ತಕ್ಷಣ ಸರ್ಕಾರಿ ವಕೀಲ ಗಿಲ್ಮರ್ ಅದನ್ನೇ ಹಿಡಿದುಕೊಳ್ಳುತ್ತಾನೆ. ಬಿಳಿಯಳನ್ನು ಕಂಡು ಕಪ್ಪು ಮನುಷ್ಯ ಮರುಗಿದ್ದೇ ಜ್ಯೂರಿಯ ಮುಂದೆ ಅಪರಾಧವಾಗುತ್ತದೆ.

ಇನ್ನು ಆ ಜ್ಯೂರಿ. 1935ರ ಏಪ್ರಿಲ್‌ನಲ್ಲಿ ಸ್ಕಾಟ್ಸ್‌ಬರೊ ಮೊಕದ್ದಮೆಗಳಲ್ಲೇ ಒಂದಾದ ನಾರಿಸ್ ಪ್ರಕರಣದಲ್ಲಿ, ಕಪ್ಪು ಜನರನ್ನು ಜ್ಯೂರಿಯಿಂದ ಪದ್ಧತಿಯಾಗಿ ಹೊರಗಿಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಹೇಳಿತು. ಅಲಬಾಮಾದ ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳನ್ನು ಆಮೇಲೆ ತುರುಕಿದ್ದನ್ನೂ ನ್ಯಾಯಮೂರ್ತಿಗಳು ಕಣ್ಣಾರೆ ನೋಡಿದರು. ಕಾದಂಬರಿಯ ಕಾಲಗಣನೆ ಹಿಡಿದರೆ ಟಾಮ್‌ನ ವಿಚಾರಣೆ ಅದೇ ವರ್ಷದ, ಅದೇ ರಾಜ್ಯದ ಬೇಸಿಗೆಯದು. ಆದರೂ ಜ್ಯೂರಿಯಲ್ಲಿ ಕಪ್ಪು ಮುಖವಿಲ್ಲ. ವಿಚಾರಣೆ ನೋಡಲು ಬಂದ ಅಟಿಕಸ್‌ನ ಮಕ್ಕಳು ಬಾಲ್ಕನಿ ಸೇರುವ ಮೊದಲೇ ಆಯ್ಕೆ ಮುಗಿದಿರುವುದರಿಂದ ಅಲ್ಲಿ ಆಕ್ಷೇಪ ಎದ್ದಿತೇ ಎಂಬುದು ಓದುಗರಿಗೆ ತಿಳಿಯುವುದೂ ಇಲ್ಲ. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇಲ್ಲದೆ ಹೋದದ್ದರಿಂದ ಭಾರತದ ವಿಮರ್ಶಕರು ಆ ಹನ್ನೆರಡು ಮಂದಿಯನ್ನು ಹಿನ್ನೆಲೆಯ ಪರದೆಯೆಂದು ಬಗೆದರು. ಟಾಮ್‌ನನ್ನು ಸೋಲಿಸಿದ್ದು ಆ ಪರದೆಯೇ.

ಕೊರತೆಗಳು ಇನ್ನೂ ಇವೆ. ಮೇಲ್ಮನವಿಯ ಬಗ್ಗೆ ಬರೆದವರು ವಿರಳ; ಟಾಮ್ ಸಾಯುವುದು ಆ ಭರವಸೆಯನ್ನು ನಂಬದೆ. ‘ವಾಚ್‌ಮನ್’ ಹಸ್ತಪ್ರತಿಯಲ್ಲಿ, ಅದು ‘ಮಾಕಿಂಗ್‌ಬರ್ಡ್’ಗಿಂತ ಮೊದಲಿನದು, ಇಂಥದೇ ಆರೋಪಿ ಬಿಡುಗಡೆಯಾಗಿದ್ದ. ಲೀ ಅದನ್ನು ಶಿಕ್ಷೆಯಾಗಿ ತಿದ್ದಿದ್ದು ಯಾಕೆ ಎಂಬುದು ಅಟಿಕಸ್‌ನ ಸಭೆಗಿಂತ ದೊಡ್ಡ ಪ್ರಶ್ನೆಯಾಗಿದ್ದರೂ ಮೂಲೆಗೆ ಬಿತ್ತು. ವಿಚಾರಣೆಯೇ ನಡೆಯದ, ಇಲ್ಲವೇ ಮೊದಲಲ್ಲೇ ಮುಗಿದುಹೋಗುವ ಕಥೆಗಳಂತೂ ಈ ಪ್ರಕಾರದ ಲೆಕ್ಕಕ್ಕೇ ಬಂದಿಲ್ಲ. ಜೇಮ್ಸ್ ಬಾಲ್ಡ್ವಿನ್‌ನ ‘ಇಫ್ ಬೀಲ್ ಸ್ಟ್ರೀಟ್ ಕುಡ್ ಟಾಕ್’ (1974)ನಲ್ಲಿ ಫಾನಿ ಜೈಲಿನಲ್ಲಿ ಕೊಳೆಯುತ್ತಾನೆ, ವಿಚಾರಣೆ ಮುಂದೂಡುತ್ತಲೇ ಹೋಗುತ್ತದೆ, ಅವನ ಪರ ಸಾಕ್ಷಿ ಹೇಳಬೇಕಾದ ಗೆಳೆಯನನ್ನೂ ಪೊಲೀಸರು ಹಿಡಿದೊಯ್ಯುತ್ತಾರೆ, ಮನೆಯವರು ಜಾಮೀನಿನ ದುಡ್ಡಿಗಾಗಿ ಕದಿಯುತ್ತಾರೆ. ಅರ್ನೆಸ್ಟ್ ಗೇನ್ಸ್‌ನ ‘ಎ ಲೆಸನ್ ಬಿಫೋರ್ ಡೈಯಿಂಗ್’ (1993) ವಿಚಾರಣೆಯನ್ನು ಮೊದಲ ಅಧ್ಯಾಯದಲ್ಲೇ ಮುಗಿಸಿಬಿಡುತ್ತದೆ. ಅಲ್ಲಿ ಜೆಫರ್‌ಸನ್‌ನನ್ನು ಹಂದಿ ಎಂದು ಕರೆಯುವವನು ಅವನದೇ ವಕೀಲ. ಉಳಿದ ಕಾದಂಬರಿ, ಆ ಮಾತನ್ನು ಅವನ ಮೈಯಿಂದ ಕೀಳುವ ಕೆಲಸ.

ಇದೆಲ್ಲ ಹಳೆಯ ಕಾಲದ್ದೆನ್ನುವವರಿಗೆ ಒಂದು ಮಾತು. ಲೀಯ ಹುಟ್ಟೂರು, ಮೇಕೂಂಬಿನ ಮೂಲವಾದ ಮನ್ರೋವಿಲ್ ಪಟ್ಟಣದ ಹಳೆಯ ಕೋರ್ಟು ಇಂದು ಆ ಕಾದಂಬರಿಯ ನೆನಪಿನ ಮ್ಯೂಸಿಯಂ. ಅದೇ ಕೌಂಟಿಯ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು 1988ರಲ್ಲಿ ಮಾಡದ ಕೊಲೆಗೆ ತಪ್ಪಿತಸ್ಥನೆಂದರು. ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶ ಮರಣದಂಡನೆ ಕೊಟ್ಟ. ವಕೀಲ ಬ್ರಯನ್ ಸ್ಟೀವನ್‌ಸನ್‌ನ ಹೋರಾಟದಿಂದ 1993ರಲ್ಲಿ ಅವನು ಹೊರಬಂದ. ‘ಜಸ್ಟ್ ಮರ್ಸಿ’ (2014) ಆ ಕಥೆ. ಸ್ಟೀವನ್‌ಸನ್ ಗೆದ್ದದ್ದು ಕೋರ್ಟಿನ ಭಾಷಣದಿಂದಲ್ಲ. ಮುಚ್ಚಿಟ್ಟ ಧ್ವನಿಮುದ್ರಣ ಹುಡುಕಿ, ಸುಳ್ಳು ಸಾಕ್ಷಿಯನ್ನು ಮತ್ತೆ ಮಾತಾಡಿಸಿ, ಕಡತವನ್ನು ಪುಟಪುಟವಾಗಿ ಓದಿ ಗೆದ್ದ.

ಹಾಗಾಗಿ ಪಠ್ಯಕ್ರಮ ಸಮಿತಿಗಳಿಗೆ ನನ್ನ ಸಲಹೆ ಸರಳ. ‘ಮಾಕಿಂಗ್‌ಬರ್ಡ್’ ಇರಲಿ, ಆದರೆ ಒಂಟಿಯಾಗಿ ಬೇಡ. ಅದರ ಹಿಂದೆ ಚೆಸ್ನಟ್, ಮುಂದೆ ಬಾಲ್ಡ್ವಿನ್, ಗೇನ್ಸ್ ಬರಲಿ. ಪರೀಕ್ಷೆಯಲ್ಲಿ ಅಟಿಕಸ್‌ನ ಪಾತ್ರಚಿತ್ರಣ ಕೇಳುವುದನ್ನು ನಿಲ್ಲಿಸಿ, ಟಾಮ್‌ಗೆ ಯಾರು ಯಾವ ಪ್ರಶ್ನೆ ಕೇಳಿದರು, ಯಾವ ಸಾಕ್ಷಿಯನ್ನು ಕರೆಯಲಿಲ್ಲ, ಜ್ಯೂರಿಯಲ್ಲಿ ಯಾರಿರಲಿಲ್ಲ ಎಂದು ಕೇಳಲಿ. ಈ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರವಿಲ್ಲ. ವಿದ್ಯಾರ್ಥಿ ಕಾದಂಬರಿಯನ್ನೇ ಓದಬೇಕಾಗುತ್ತದೆ.